ಗೆಣಸಿನೊಳಗಿನ ವಾಸನೆ

ನಾನಾಗ ಚಿಕ್ಕವಳು, ನಿಮ್ಮಷ್ಟೇ ಇದ್ದೆ. ಎಪ್ಪತ್ತರ ದಶಕದ ಮಾತು. ಭಾರತೀನಗರದ ಹತ್ತಿರ, ನಾಲೆಯ ಕೆಳಗೆ ನಮ್ಮ ಗದ್ದೆ ಇತ್ತು. ಚೊಚ್ಚಲ ಬಸುರಿ ಅಕ್ಕ ಹೆರಿಗೆಗೆಂದು ತವರಿಗೆ ಬಂದವಳೇ ಗೆಣಸು ಬೇಕು ಎಂದಳು. ಅಪ್ಪ ಆ ವರ್ಷ ಗದ್ದೆಯ ಒಂದು ಮೂಲೆಯಲ್ಲಿ ಗೆಣಸನ್ನೇ ಹಾಕಿದ್ದ.

ಅದಕ್ಕೂ ಮುಂಚೆ ಅಲ್ಲಿ ಕಬ್ಬಿತ್ತು. ನೆಟ್ಟ ಕಬ್ಬಿನ ತುಂಡುಗಳನ್ನು ಗೆದ್ದಲು ತಿನ್ನದಿರಲಿ ಎಂದು ಅಪ್ಪ ಸಾಲಿಗೆಲ್ಲ ಬಿಎಚ್‌ಸಿ ಪುಡಿಯನ್ನು ಬರಿಗೈಯಲ್ಲೇ ಎರಚಿ ಮಣ್ಣು ಮುಚ್ಚಿದ್ದ. ಮುಗ್ಗಲು ವಾಸನೆಯ ಪುಡಿ. ವಿಷವೆಂದು ಅವನಿಗೂ ಗೊತ್ತಿತ್ತು. ಅದಕ್ಕೇ ಕಬ್ಬು ಕಡಿದ ಮೇಲೆ ಗದ್ದೆಯಲ್ಲಿ ನಾಲೆಯ ನೀರು ತುಂಬಿಸಿ ನಿಲ್ಲಿಸಿ, ಪಾತ್ರೆ ತೊಳೆದ ಹಾಗೆ ಮೂರು ಸಲ ಹೊರಕ್ಕೆ ಬಿಟ್ಟಿದ್ದ.

ಗೆಣಸು ಕಿತ್ತ ದಿನ ಅವ್ವ ಅಂಗಳದ ಒಲೆಯಲ್ಲಿ ಬೇಯಿಸಿದಳು. ನೆಗಡಿಯಿಂದ ಮೂಗು ಕಟ್ಟಿದ್ದ ಅಕ್ಕ ಬಿಸಿಬಿಸಿಯಾಗಿಯೇ ಒಂದನ್ನು ಸುಲಿದು ತಿಂದಳು. ಇನ್ನೊಂದನ್ನು ನಾನು ಮುರಿದೆ. ಹಬೆ ಮೂಗಿಗೆ ಬಡಿಯಿತು. ಸಿಹಿಯ ಒಳಗಿನಿಂದ ಅದೇ ಮುಗ್ಗಲು.

"ಅಪ್ಪಾ, ಪುಡಿ ವಾಸ್ನೆ ಬತ್ತದೆ."

"ಸುಮ್ಕಿರು. ಮೂರು ಸಲ ನೀರು ಕಟ್ಟಿವ್ನಿ, ಇನ್ನೆಲ್ಲಿ ಪುಡಿ?" ಎನ್ನುತ್ತಲೇ ಅಪ್ಪ ಗೆಣಸನ್ನು ಮೂಗಿಗೆ ಹಿಡಿದ. ಮುಖ ಬಿಳಿಚಿಕೊಂಡಿತು. "ಉಗಿ ಮಗಾ, ನುಂಗ್‌ಬ್ಯಾಡ!"

"ನುಂಗಾಯ್ತಲ್ಲಪ್ಪ," ಎಂದಳು ಅಕ್ಕ.

ಮಂಡ್ಯದ ಆಸ್ಪತ್ರೆಗೆ ಹೋಗಲು ಸಂಜೆಯ ಬಸ್ಸೇ ಗತಿ. ಅಪ್ಪ ಗದ್ದೆಗೆ ಓಡಿದ. ಮೊಳದಾಳ ಅಗೆದು ತಂದ ಹಿಡಿ ಮಣ್ಣನ್ನು ಜಗಲಿಯ ಮೇಲೆ ಸುರಿದ. ಅದರಲ್ಲೂ ಅದೇ ವಾಸನೆ. ಅವ್ವ ಅಕ್ಕನ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡೇ ಕೂತಳು.

"ಯಾಕಂಗೆ ನನ್ನೇ ನೋಡ್ತೀರಿ ಎಲ್ರೂವೆ? ನಾನೇನ್ ಸಿನಿಮಾನಾ?" ಎಂದಳು ಅಕ್ಕ. ಯಾರೂ ನಗಲಿಲ್ಲ.

ಬಿಸಿಲು ಜಗಲಿಯಿಂದ ಇಳಿಯುವ ಹೊತ್ತಿಗೆ ಅವಳು ತಟ್ಟನೆ ಅವ್ವನ ಕೈ ಒತ್ತಿದಳು. "ಒದೀತಾ ಅದೆ ಕಣವ್ವ ಕೂಸು. ಇನ್ನೊಂದ್ ಗೆಣಸು ಬೇಕಂತೆ!"

"ಥೂ, ಬುಡ್ತು ಅನ್ನು!" ಎಂದು ಗದರಿದ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಆಸ್ಪತ್ರೆಯಲ್ಲೂ ತಾಯಿ, ಮಗು ಕ್ಷೇಮ ಎಂದರು. ಅಪ್ಪ ಆ ಗೆಣಸನ್ನು ದನಕ್ಕೂ ಹಾಕಲಿಲ್ಲ. ಆಮೇಲೆ ಎಷ್ಟೋ ವರ್ಷ, ಆ ಮೂಲೆಯನ್ನು ಉಳುವಾಗಲೆಲ್ಲ ನೇಗಿಲ ಹಿಂದೆಯೇ ಮುಗ್ಗಲು ಏಳುತ್ತಿತ್ತು.

ಈಗ ನಿಮ್ಮಪ್ಪ ಬಿತ್ತುವ ಮೊದಲು ಮಣ್ಣನ್ನು ಪರೀಕ್ಷೆಗೆ ಕಳಿಸುತ್ತಾನೆ. ಉತ್ತರ ಕಾಗದದಲ್ಲಿ ಬರುತ್ತದೆ, ನೀವು ಅದರ ಹಿಂಬದಿಯಲ್ಲಿ ಚಿತ್ರ ಬರೆಯುತ್ತೀರಿ. ನಮಗೆ ಅಂಥ ಕಾಗದ ಇರಲಿಲ್ಲ. ಉತ್ತರಕ್ಕಾಗಿ ನಾವು ಅಕ್ಕನ ಮುಖ ನೋಡುತ್ತ ಕೂತಿದ್ದೆವು.