ಆಯುಧಪೂಜೆಗೆ ಸ್ಟಾರ್ಟ್ ಮಾಡಿದ ಬೋಟು

ಕಾಮಾಕ್ಷಿಪಾಳ್ಯದ ನನ್ನ ಎಂಜಿನ್ ರಿಪೇರಿ ಶೆಡ್ಡಿನಲ್ಲಿ ಒಂದು ಸ್ಕೀ ಬೋಟು ಎಂಟು ತಿಂಗಳು ನಿಂತಿತ್ತು. ಹಗ್ಗ ಹಿಡಿದವರನ್ನು ನೀರಿನ ಮೇಲೆ ಜಾರಿಸಿಕೊಂಡು ಎಳೆದೊಯ್ಯುತ್ತದಲ್ಲ, ಆ ಬೋಟು. ಹಿನ್ನೀರಿನ ಪಕ್ಕದ ಒಂದು ರೆಸಾರ್ಟ್ ಮುಚ್ಚಿದಾಗ ಕೊಂಡು ತಂದಿದ್ದೆ. ಕೆರೆಯೂ ಉಳಿದಿಲ್ಲದ ಏರಿಯಾದಲ್ಲಿ ಬೋಟು ಮಾರಲು ಹೊರಟವನಿಗೆ ಬುದ್ಧಿ ನೆಟ್ಟಗಿಲ್ಲ ಎಂದು ಬೀದಿಯವರೆಲ್ಲ ಆಡಿಕೊಂಡರು. ಆಡಿಕೊಳ್ಳಲಿ. ಅದರ ಎಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟಿದವನು ನಾನು. ಅದು ಚೆನ್ನಾಗಿದೆ ಎಂದು ನನಗೆ ಗೊತ್ತಿತ್ತು. ಇನ್ನೊಬ್ಬರ ಬಾಯಲ್ಲಿ ಆ ಮಾತು ಕೇಳಿಯೇ ಮಾರಬೇಕು ಎಂಬ ಹಟವಿತ್ತು.

ತೊಂದರೆ ಮೀಟರಿನದು. ಬೋಟಿಗೆ ಕಿಲೋಮೀಟರ್ ಲೆಕ್ಕವಿಲ್ಲ, ಎಂಜಿನ್ ಎಷ್ಟು ಗಂಟೆ ಓಡಿದೆ ಎಂಬುದೇ ಲೆಕ್ಕ. ನನ್ನದು ಸಾವಿರದ ಇನ್ನೂರು ದಾಟಿತ್ತು. ಬಂದವರೆಲ್ಲ ಅದನ್ನು ನೋಡಿ ಮುಖ ಸಿಂಡರಿಸುತ್ತಿದ್ದರು. ಚಂದ್ರಾ ಲೇಔಟಿನ ಬ್ರೋಕರ್ ಒಬ್ಬ ನನ್ನ ಹೆಗಲ ಮೇಲೆ ಕೈ ಹಾಕಿ, "ಗುರು, ಮೀಟರ್ ಮುನ್ನೂರಕ್ಕೆ ಇಳಿಸ್ಬಿಡು. ಯಾರ್ ನೋಡ್ತಾರೆ?" ಅಂದ. ಮೈಯೆಲ್ಲ ಉರಿದುಹೋಯಿತು. ಪ್ರತಿ ಆಯಿಲ್ ಬದಲಾವಣೆ, ಪ್ರತಿ ರಿಪೇರಿ ಬರೆದಿಟ್ಟ ಸರ್ವೀಸ್ ಪುಸ್ತಕ ಬೋಟಿನಲ್ಲೇ ಇತ್ತು. ಅದನ್ನು ತೆರೆದು ನೋಡುವ ಪುಣ್ಯಾತ್ಮ ಒಬ್ಬನೂ ಬರಲಿಲ್ಲ.

ಕೊನೆಗೆ ಒಬ್ಬರು ಫೋನ್ ಮಾಡಿದರು. ಹಿನ್ನೀರಿನಲ್ಲಿ ಪ್ರವಾಸಿಗಳಿಗೆ ಬೋಟು ಓಡಿಸುವವರು. "ಗಂಟೆ ಎಷ್ಟಾದ್ರೂ ಇರ್ಲಿ ಸಾರ್, ಸರ್ವೀಸ್ ಬುಕ್ ಇದ್ಯಾ?" ಎಂಬುದೇ ಅವರ ಮೊದಲ ಪ್ರಶ್ನೆ. ಫೋನಿನಲ್ಲೇ ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಆಯುಧಪೂಜೆ ಕಳೆದು ಎರಡು ದಿನಕ್ಕೆ ಬರುತ್ತೇನೆ ಅಂದರು.

ಪೂಜೆಯ ದಿನ ಬೂದುಗುಂಬಳಕಾಯಿ ತರಲು ವಿಜಯನಗರದ ಮಾರ್ಕೆಟ್ಟಿಗೆ ಹೋದವನು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆ. ಅಷ್ಟರಲ್ಲಿ ಶೆಡ್ಡಿನಲ್ಲಿ ಅಮ್ಮ, ಅಣ್ಣ ಪೂಜೆ ಶುರುಮಾಡಿದ್ದರು. ನಮ್ಮ ಮನೆಯಲ್ಲಿ ಅಂದು ಗಾಡಿ, ಮೆಷಿನ್ನು ಎಲ್ಲವನ್ನೂ ಸ್ಟಾರ್ಟ್ ಮಾಡಿಯೇ ಮಂಗಳಾರತಿ ಎತ್ತುವುದು. ಬೋಟಿಗೂ ಚೆಂಡುಹೂವಿನ ಹಾರ ಹಾಕಿ ಅಣ್ಣ ಕೀ ತಿರುಗಿಸಿದ್ದ.

ಆ ಎಂಜಿನ್ನಿಗೆ ಕಾರಿನ ಹಾಗೆ ರೇಡಿಯೇಟರ್ ಇಲ್ಲ. ಬೋಟಿನ ಕೆಳಗಿರುವ ನೀರನ್ನೇ ಎಳೆದುಕೊಂಡು ತಣ್ಣಗಾಗಬೇಕು. ನೆಲದ ಮೇಲಾದರೆ ಡ್ರಮ್ಮಿನಿಂದ ಪೈಪಿನಲ್ಲಿ ನೀರು ಕೊಡಬೇಕು. ಇದನ್ನು ಅಣ್ಣನಿಗೆ ಹತ್ತು ಸಲ ಹೇಳಿದ್ದೆ.

ನಾನು ಕುಂಬಳಕಾಯಿ ಹೊತ್ತು ಬಂದಾಗ ಜಾಗಟೆಯ ಗಲಾಟೆಯಲ್ಲಿ ಬೋಟಿನ ಅಲಾರಂ ಒಂದೇ ಸಮನೆ ಕೂಗಿಕೊಳ್ಳುತ್ತಿತ್ತು. ಧೂಪದ ಜೊತೆ ಸುಟ್ಟ ರಬ್ಬರಿನ ವಾಸನೆ. ಓಡಿಹೋಗಿ ಆಫ್ ಮಾಡಿದೆ.

"ತಲೆ ಕೆಟ್ಟಿದ್ಯಾ ಅಣ್ಣ ನಿಂಗೆ? ನೀರೆಲ್ಲಿ?"

"ಕಾಲು ಗಂಟೆನೂ ಆಗಿಲ್ಲ ಕಣೋ," ಅಂದ ಅಣ್ಣ.

"ಎಲ್ಲಾನೂ ಸ್ಟಾರ್ಟ್ ಮಾಡಿ ಅದೊಂದನ್ನ ಬಿಡಕ್ಕಾಗುತ್ತಾ?" ಅಂದರು ಅಮ್ಮ, ಆರತಿ ತಟ್ಟೆ ಹಿಡಿದುಕೊಂಡೇ.

ಸಾವಿರದ ಇನ್ನೂರು ಗಂಟೆ ದುಡಿದ ಎಂಜಿನ್ನನ್ನು ಭಕ್ತಿಯಿಂದ ಬೇಯಿಸಿಬಿಟ್ಟಿದ್ದರು. ಹಬ್ಬದ ದಿನ ಹೆತ್ತತಾಯಿಯನ್ನು ಬೈಯುವುದು ಹೇಗೆ? ಕುಂಬಳಕಾಯಿಯನ್ನು ಬಾಗಿಲಲ್ಲಿ ಜೋರಾಗಿ ಒಡೆದೆ.

ಮಾರನೇ ದಿನ ನೀರೆಳೆಯುವ ಪಂಪಿನೊಳಗೆ ಕರಗಿದ್ದ ರಬ್ಬರ್ ತೆಗೆದು ಹೊಸದು ಹಾಕಿದೆ. ಡ್ರಮ್ಮಿನ ನೀರು ಕೊಟ್ಟು ಸ್ಟಾರ್ಟ್ ಮಾಡಿದರೆ ಎಂದಿನ ಹಾಗೇ ಓಡಿತು. ಒಳಗೆ ಎಷ್ಟು ಏಟು ಬಿದ್ದಿದೆಯೋ, ಮತ್ತೆ ಪೂರ್ತಿ ಬಿಚ್ಚದೆ ಹೇಳುವಂತಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪೆನ್ನು ಹಿಡಿದು ತುಂಬಾ ಹೊತ್ತು ಕೂತಿದ್ದೆ. ಕೊನೆಗೆ ಸರ್ವೀಸ್ ಪುಸ್ತಕದಲ್ಲಿ ಬರೆದೆ: 'ಆಯುಧಪೂಜೆ. ನೀರಿಲ್ಲದೆ ಹತ್ತು ಹನ್ನೆರಡು ನಿಮಿಷ ಓಡಿದೆ.'

ಹೇಳಿದ ದಿನಕ್ಕೆ ಅವರು ಬಂದರು. ಮೀಟರಿನ ಕಡೆ ತಿರುಗಿಯೂ ನೋಡದೆ, ಸ್ಟೂಲಿನ ಮೇಲೆ ಕೂತು ಪುಸ್ತಕವನ್ನು ಮೊದಲ ಪುಟದಿಂದ ಓದಿದರು.

"ಇಷ್ಟು ಚೆನ್ನಾಗಿ ನೋಡ್ಕೊಂಡಿರೋ ಎಂಜಿನ್ ನಾನು ಎಲ್ಲೂ ಕಂಡಿಲ್ಲ ಸಾರ್," ಅಂದರು. ಆಮೇಲೆ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಇದೊಂದನ್ನ ಬರೀದೇ ಇದ್ದಿದ್ರೆ ಇವತ್ತೇ ಎಳ್ಕೊಂಡ್ ಹೋಗ್ತಿದ್ದೆ."

"ಗೊತ್ತು," ಅಂದೆ.