ಉಪಪ್ರಧಾನ ಕೆಂಚವ್ವ ಕುಳಿತ ದಿನ

ಬೆಳಗಿನ ಐದೂವರೆ. ಕೆಂಚವ್ವ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ಅಡುಗೆಮನೆಯ ಹೊಸ್ತಿಲಾಚೆ ಮೂವರು ಹೆಂಗಸರು ಕಾದಿದ್ದಾರೆ. ಒಬ್ಬಳಿಗೆ ವಿಧವಾ ವೇತನ ಬಂದಿಲ್ಲ, ಇನ್ನೊಬ್ಬಳ ಓಣಿಯಲ್ಲಿ ಗಟಾರ ಕಟ್ಟಿದೆ. ಕೆಂಚವ್ವ ಕೇಳುತ್ತಾರೆ, ಹೂಂಗುಟ್ಟುತ್ತಾರೆ, ಕೈ ಮಾತ್ರ ನಿಲ್ಲಿಸುವುದಿಲ್ಲ. ಮಂಡಲ ಪಂಚಾಯಿತಿಯ ಕಚೇರಿ ತೆರೆಯುವುದು ಹನ್ನೊಂದಕ್ಕೆ. ಉಪಪ್ರಧಾನರದು ಒಲೆ ಹೊತ್ತಿದಾಗಲೇ ತೆರೆಯುತ್ತದೆ.

ಸಂಶಿಯಲ್ಲಿ ಬಸ್ಸಿಳಿದು ಎರೆಹೊಲದ ದಾರಿಯಲ್ಲಿ ಎರಡು ಮೈಲಿ ನಡೆದರೆ ಕರೇಹಾಳ. ಕೆಂಚವ್ವನವರಿಗೆ ಮೂವತ್ತೆಂಟು ವರ್ಷ. ಗಂಡ ಕರಿಸಿದ್ದಪ್ಪ ಕುರಿ ಹಿಂಡಿನೊಂದಿಗೆ ವರ್ಷದ ಎಂಟು ತಿಂಗಳು ಊರಾಚೆ. ಮನೆಯಲ್ಲಿ ಹನ್ನೊಂದು ಮಂದಿ, ದಿನಕ್ಕೆ ನಲವತ್ತು ರೊಟ್ಟಿ, ಆರು ಕೊಡ ನೀರು, ಎರಡು ಎಮ್ಮೆ. ಯಜಮಾನಿಕೆ ಗಂಡನ ಅಣ್ಣ ಮಲಕಪ್ಪನವರದು. ಭಾವನ ಎದುರು ತಮ್ಮನ ಹೆಂಡತಿ ಕುಳಿತುಕೊಳ್ಳಬಾರದು, ನೇರವಾಗಿ ಮಾತಾಡಬಾರದು. ಊಟದ ಗಂಗಾಳ ಇಟ್ಟು ಬಾಗಿಲ ಮರೆಗೆ ಸರಿಯಬೇಕು. ಇಪ್ಪತ್ತು ವರ್ಷದಿಂದ ಅವರು ಹಾಗೇ ನಡೆದುಕೊಂಡಿದ್ದಾರೆ.

ಎಂಬತ್ತೇಳರ ಚುನಾವಣೆಗೆ ಮಲಕಪ್ಪ ತಾವೂ ನಿಂತರು, ಹೆಂಗಸರಿಗೆ ಮೀಸಲಾದ ಸೀಟಿಗೆ ತಮ್ಮನ ಹೆಂಡತಿಯ ಹೆಸರನ್ನೂ ಕೊಟ್ಟರು. “ನನ್ನ ಕೇಳ್ಲಿಲ್ಲರಿ. ಹೊಲದಾಗ ಕಸಾ ತಗ್ಯಾಕ ಹೋಗಿದ್ದೆ. ಸಂಜಿಕೆ ಮನಿಗೆ ಬಂದ್ರ ಉಮೇದವಾರ ಆಗಿಬಿಟ್ಟಿದ್ದೆ,” ಎನ್ನುತ್ತಾರೆ ಕೆಂಚವ್ವ. ಇಬ್ಬರೂ ಗೆದ್ದರು. ಪಂಚಾಯಿತಿಯ ಎರಡೂ ಬಣಕ್ಕೆ ಮಾತಾಡದ ಹೆಸರೊಂದು ಬೇಕಿತ್ತು, ಹಾಗಾಗಿ ಕೆಂಚವ್ವನವರಿಗೆ ಉಪಪ್ರಧಾನ ಪದವಿಯೂ ಬಂತು. ಮೊದಲ ವರ್ಷವೆಲ್ಲ ಸಭೆಯ ಪುಸ್ತಕ ಮನೆಗೇ ಬರುತ್ತಿತ್ತು. ಹಿಟ್ಟಿನ ಕೈ ಒರೆಸಿಕೊಂಡು ಸಹಿ ಹಾಕುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಪಂಚಾಯಿತಿಯ ಮುಖ್ಯಸ್ಥರಾದ ಪ್ರಧಾನರಿಗೆ ಲಕ್ವ ಹೊಡೆಯಿತು. ಸಭೆ ನಡೆಸುವ ಕೆಲಸ ಕೆಂಚವ್ವನವರ ಪಾಲಿಗೆ ಬಂತು. ಅಜ್ಜಿ ಹೇಳುವ ಕತೆಗಳಲ್ಲಿ ರಾಣಿ ಸಿಂಹಾಸನ ಏರಿದಳೆಂದರೆ ಕತೆ ಮುಗಿಯಿತು. ಎದುರಿಗೆ ಭಾವ ಕುಳಿತಿದ್ದರೆ ಏರುವುದು ಹೇಗೆಂದು ಯಾವ ಕತೆಯೂ ಹೇಳುವುದಿಲ್ಲ. ಕೆಂಚವ್ವ ಖುರ್ಚಿಯ ಬಾಜು ನಿಂತೇ ಸಭೆ ನಡೆಸಿದರು. ಕೆಳಗಿನ ಓಣಿಗೆ ಬೋರಿಂಗ್ ಕೊಡುವುದೆಂದು ಅಲ್ಲಿ ಠರಾವಾಯಿತು. ಆ ಓಣಿಯ ಹೆಂಗಸರು ಕೆರೆಯ ನೀರಿಗೆ ಒಂದು ಮೈಲಿ ನಡೆಯುತ್ತಿದ್ದರು.

ಮುಂದಿನ ಸಭೆಯಲ್ಲಿ ಹೊಳೆಯಪ್ಪ ಎಂಬ ಸದಸ್ಯರು ತಕರಾರು ತೆಗೆದರು. ಬೋರಿಂಗ್ ತಮ್ಮ ಓಣಿಗೆ ಬೇಕೆಂಬುದು ಅವರ ಆಸೆ. ಅಧ್ಯಕ್ಷರ ಖುರ್ಚಿ ಖಾಲಿ ಇದ್ದ ಸಭೆ ಸಭೆಯೇ ಅಲ್ಲ, ಠರಾವು ರದ್ದಾಗಬೇಕು ಎಂದರು. “ನಿಂತಾಕಿ ಊಟಕ್ಕ ನೀಡಾಕ ಬಂದಾಳೋ, ಸಭಾ ನಡಸಾಕ ಬಂದಾಳೋ?” ನಗು ಎದ್ದಿತು. ಕಾರ್ಯದರ್ಶಿ ಏಕನಾಥ ನಿಯಮದ ಪುಸ್ತಕ ತಿರುವತೊಡಗಿದರು. ಮಲಕಪ್ಪ ನೆಲ ನೋಡುತ್ತಿದ್ದರು.

ಹತ್ತು ಅಡಿ ದೂರದಲ್ಲಿದ್ದ ಭಾವನಿಗೆ ಹೇಳಬೇಕಾದ್ದನ್ನು ಕೆಂಚವ್ವ ಕಾರ್ಯದರ್ಶಿಗೆ ಹೇಳಿದರು. “ಸೆಕ್ರೆಟ್ರಿ ಸಾಹೇಬ್ರ, ನಮ್ಮ ಭಾವಾರಿಗೆ ತಿಳಸ್ರಿ. ನಾ ಈಗ ಖುರ್ಚಿ ಮ್ಯಾಲ ಕುಂಡ್ರಾಕಿ. ಅವರಿಗೆ ನೋಡಾಕ ಆಗಲಿಲ್ಲಂದ್ರ ಮಾರಿ ಆ ಕಡೆ ಮಾಡ್ಕೊಳ್ಳಲಿ.”

ಸೆರಗನ್ನು ತಲೆತುಂಬ ಎಳೆದುಕೊಂಡು ಕುಳಿತೇಬಿಟ್ಟರು. ಮಲಕಪ್ಪ ಎದ್ದರು. ಹೊರಗೆ ಹೋಗುತ್ತಾರೆಂದೇ ಎಲ್ಲರೂ ತಿಳಿದಿದ್ದರು. ಅವರು ತಮ್ಮ ಖುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಮತ್ತೆ ಕುಳಿತರು. ಠರಾವನ್ನು ಹೊಸದಾಗಿ ಮತಕ್ಕೆ ಹಾಕಿದಾಗ ಗೋಡೆ ನೋಡುತ್ತಲೇ ಕೈ ಎತ್ತಿದರು. ಪರವಾಗಿ ಹನ್ನೊಂದು ಕೈ, ವಿರುದ್ಧ ಹತ್ತು.

“ಎದುರಿಗೆ ಕುಂಡ್ರಬಾರದು ಅಂತ ಹಿರೇರು ಹೇಳ್ಯಾರ,” ಎನ್ನುತ್ತಾರೆ ಮಲಕಪ್ಪ. “ಬೆನ್ನ ಹಿಂದ ಕುಂಡ್ರಬಾರದು ಅಂತ ಏನ್ ಹೇಳಿಲ್ಲ.”

ಕೆಳಗಿನ ಓಣಿಯಲ್ಲಿ ಈಗ ಬೋರಿಂಗ್ ಇದೆ. ಆ ದಿನದಿಂದ ಈವರೆಗೆ ಏಳು ಸಭೆಗಳಾಗಿವೆ. ಎಲ್ಲ ಸಭೆಯಲ್ಲೂ ಒಂದು ಖುರ್ಚಿ ಗೋಡೆಗೆ ಮುಖ ಮಾಡಿರುತ್ತದೆ. ಹೊಳೆಯಪ್ಪನವರೂ ಈಗ ಅರ್ಜಿಯನ್ನು ಖುರ್ಚಿಯಲ್ಲಿ ಕುಳಿತವರ ಕೈಗೇ ಕೊಡುತ್ತಾರೆ.

ಇನ್ನೇನು ಆಸೆ ಎಂದು ಕೇಳಿದರೆ ಕೆಂಚವ್ವ ರೊಟ್ಟಿ ಬಡಿಯುತ್ತಲೇ ಹೇಳುತ್ತಾರೆ.

“ದೊಡ್ಡದೇನಿಲ್ರಿ. ನಾ ಖುರ್ಚಿ ಮ್ಯಾಲ ಕುಂತು ಸಭಾ ಹೆಂಗ ನಡಸ್ತೀನಿ ಅನ್ನೂದು ಎಲ್ಲಾರೂ ನೋಡ್ಯಾರ, ನಮ್ಮ ಭಾವಾರೊಬ್ರು ನೋಡಿಲ್ಲ. ಒಂದ್ ಸಲ ಈ ಕಡೆ ಹೊಳ್ಳಿ ನೋಡ್ಲಿ.”