ಗುರುಬಸವನ ಮೂರು ಬರ್ತೀನಿ

ಯುದ್ಧ ಗೆದ್ದು ಹೆಸರು ಮಾಡಿದವರಿದ್ದಾರೆ, ತಪಸ್ಸು ಮಾಡಿ ಹೆಸರು ಮಾಡಿದವರಿದ್ದಾರೆ. ಸಿಡ್ನಿಯ ಸ್ಕೋಫೀಲ್ಡ್ಸ್‌ನ ಗುರುಬಸವ ಹೆಸರು ಮಾಡಿದ್ದು ಬಂದ ಮನೆಯಿಂದ ಹೊರಡುವುದರಲ್ಲಿ. ಸೋಫಾದಿಂದ ಎದ್ದು ಒಮ್ಮೆ "ಬರ್ತೀನ್ರಿ", ಚಪ್ಪಲಿ ಸ್ಟ್ಯಾಂಡಿನ ಬಳಿ ಇನ್ನೊಮ್ಮೆ, ಕಾರಿನ ಗಾಜು ಇಳಿಸಿ ಮತ್ತೊಮ್ಮೆ. ಈ ಮೂರು ಬರ್ತೀನಿಗಳ ನಡುವೆ ಪಕ್ಕದ ಬಡಾವಣೆ ದಿ ಪಾಂಡ್ಸ್‌ನ ಒಂದು ಮನೆಯಲ್ಲಿ ಹೊಸದಾಗಿ ಚಹಾ ಕಾದಿದೆ. ಇನ್ನೊಂದು ಮನೆಯ ಯಜಮಾನ ಬಾಗಿಲು ಹಿಡಿದು ನಿಂತಲ್ಲೇ ನಿದ್ದೆ ಹೋಗಿದ್ದಾನೆ. ಬೀಳ್ಕೊಡುತ್ತ ಬೀಳ್ಕೊಡುತ್ತ ಹಸಿವಾಗಿ, ಅವನನ್ನೇ ಮತ್ತೆ ಊಟಕ್ಕೆ ಕೂರಿಸಿದವರೂ ಉಂಟು ಎಂದು ಬಲ್ಲವರು ಹೇಳುತ್ತಾರೆ.

ತಪ್ಪು ಅವನದಲ್ಲ. ಧಾರವಾಡದಲ್ಲಿ ತಾಯಿ ದ್ಯಾಮವ್ವ ಹೊಸ್ತಿಲ ಮೇಲೆ ನಿಲ್ಲಿಸಿ ಕಲಿಸಿದ್ದಳು: "ಹೋಗ್ತೀನಿ ಅನಬಾರ್ದೋ ಮಗನ, ಅದು ತಿರುಗಿ ಬರದವರ ಮಾತು. ಬರ್ತೀನಿ ಅನಬೇಕು." ಆಸ್ಟ್ರೇಲಿಯಾದ ಪಿಆರ್ ಬಂತು, ಮಾರ್ಟ್‌ಗೇಜ್ ಬಂತು, ಪಾಠ ಮಾತ್ರ ಬದಲಾಗಲಿಲ್ಲ. ಆಫೀಸಿನಲ್ಲಿ ಮೀಟಿಂಗ್ ಮುಗಿದರೂ ಅದನ್ನೇ ಇಂಗ್ಲಿಷಿಗೆ ಇಳಿಸಿ, "ಓಕೆ, ಐ ವಿಲ್ ಕಮ್" ಎಂದು ಹೊರನಡೆಯುತ್ತಿದ್ದ. ಎಲ್ಲಿಗೆ ಬರುತ್ತಾನೋ ಎಂದು ಸಹೋದ್ಯೋಗಿಗಳು ಮೊದಮೊದಲು ಕಾದರು, ಆಮೇಲೆ ಬಿಟ್ಟರು.

ಹೆಂಡತಿ ನೇತ್ರಾ ಅಷ್ಟು ಸುಲಭವಾಗಿ ಬಿಡುವವಳಲ್ಲ. ದಂತವೈದ್ಯರ ಕ್ಲಿನಿಕ್ಕಿನ ಹಳೆಯ ಕ್ಯಾಲೆಂಡರಿನಿಂದ ಕೇಳಿ ತಂದ ಚಿತ್ರವೊಂದನ್ನು ಅವಳು ಫ್ರಿಜ್ಜಿಗೆ ಅಂಟಿಸಿ ವರ್ಷಗಳಾಗಿದ್ದವು. ಕೆಂಪು ಮರಳುಗಾಡು ನೇರವಾಗಿ ನೀಲಿ ಸಮುದ್ರಕ್ಕೆ ಇಳಿಯುವ ಜಾಗ, ಅಲ್ಲೊಂದು ಬಿಳಿ ದೀಪಸ್ತಂಭ. ದೇಶದ ಆ ತುದಿಯಲ್ಲಿ, ಒಂದು ಕಾಲಕ್ಕೆ ಮುತ್ತು ತೆಗೆಯುವ ಹಡಗುಗಳು ತಂಗುತ್ತಿದ್ದ ಪೋರ್ಟ್ ಹ್ಯಾಲಮ್ ಎಂಬ ಬಂದರಿನಾಚೆ ಅದು. ಈ ಜುಲೈಯಲ್ಲಿ ಕೊನೆಗೂ ಇಬ್ಬರ ರಜೆ ಹೊಂದಿಕೊಂಡಿತು.

"ಇದೊಂದು ತಪ್ಪಿಸಿದ್ರ ಮುಂದ ನಿಮ್ಮ ಜೋಡಿ ಎಲ್ಲೂ ಬರಂಗಿಲ್ಲ ನೋಡ್ರಿ," ಎಂದಳು ಏರ್‌ಪೋರ್ಟಿನಲ್ಲೇ.

"ನಾ ಯಾವಾಗ ಏನ್ ತಪ್ಪಿಸೀನಿ?"

"ಮೆಲ್ಬರ್ನ್ ವಿಮಾನ."

"ಅದು ಲಗೂ ಹೋತು."

ಪೋರ್ಟ್ ಹ್ಯಾಲಮ್ ಎಂದರೆ ಒಂದೇ ಬೀದಿ. ಕಲ್ಲಿನ ಹಳೆಯ ಸುಂಕದ ಕಚೇರಿ, ಸೂರಿಲ್ಲದ ಗೋದಾಮು, ಸಮುದ್ರದೊಳಕ್ಕೆ ಹೊರಟು ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿದಂಥ ಮರದ ಜೆಟ್ಟಿ. ಬೆನ್ನ ಹಿಂದೆ ಕಣ್ಣು ಹಾಯುವಷ್ಟೂ ಕೆಂಪು ಮರಳು. ದೀಪಸ್ತಂಭಕ್ಕೆ ರಸ್ತೆಯಿಲ್ಲ. ವಾರಕ್ಕೊಂದೇ ದೋಣಿ, ಅದೂ ಅವರು ಬಂದ ಮರುದಿನವೇ. "ಇಂಥಾ ಊರಾಗ ಯಾರು ಬುಕ್ ಮಾಡ್ತಾರ?" ಎಂದು ಸ್ಕೋಫೀಲ್ಡ್ಸ್‌ನಲ್ಲಿ ನಕ್ಕಿದ್ದವನು ಗುರುಬಸವನೇ.

ಬೆಳಿಗ್ಗೆ ನೇತ್ರಾ ಮ್ಯೂಸಿಯಮ್ಮಿನಲ್ಲಿದ್ದಾಗ ಅವನು ಜೆಟ್ಟಿಗೆ ಹೋಗಿ ಇಬ್ಬರಿಗೆ ಸೀಟು ವಿಚಾರಿಸಿದ. ಗಡ್ಡದ ದೋಣಿಯವನು ತಲೆಯಾಡಿಸಿದ: ಎರಡಕ್ಕೆ ಹೊರಡುತ್ತೇನೆ, ಸೀಟು ಭರ್ತಿ. ಗುರುಬಸವ ಕೈಕುಲುಕಿ, "ಓಕೆ, ಐ ವಿಲ್ ಕಮ್" ಎಂದ. ಜೆಟ್ಟಿಯ ಮಧ್ಯೆ ತಿರುಗಿ ಇನ್ನೊಮ್ಮೆ ಎಂದ. ರಸ್ತೆ ತಲುಪಿ ಕೈಯೆತ್ತಿ ಮೂರನೆಯದನ್ನೂ ಕೂಗಿದ.

ಸುದ್ದಿ ಕೇಳಿದ ನೇತ್ರಾ ಕ್ಯಾಮೆರಾ ಬ್ಯಾಗಿನೊಳಗಿಟ್ಟು ಜಿಪ್ ಎಳೆದಳು. ಆ ಸದ್ದು ಬಯ್ಗುಳಕ್ಕಿಂತ ಭಾರವಾಗಿತ್ತು.

"ದೋಣಿ ಹೋಗೂದಾದ್ರೂ ನೋಡ್ತೀನಿ ನಡ್ರಿ," ಎಂದಳು ಊಟವಾದ ಮೇಲೆ. "ದಂಡಿಮ್ಯಾಲೆ ನಿಂತು ಟಾಟಾ ಮಾಡ್ತೀನಿ."

ಆದರೆ ಮೋಟೆಲ್ ಖಾಲಿ ಮಾಡಬೇಕಿತ್ತು, ಅಲ್ಲೊಬ್ಬಳು ಒಡತಿ ಇದ್ದಳು. ಕೌಂಟರಿನಲ್ಲಿ ಒಂದು ಬರ್ತೀನಿ, ಅವಳ ಮಂಡಿನೋವು ಕೇಳಿ ಬಾಗಿಲಲ್ಲಿ ಒಂದು, ಕಾರಿನಿಂದ ಒಂದು. ಕಾರು ಹೊರಟಾಗ ಎರಡೂವರೆ.

"ಹೋಗೂದು ನೋಡಾಕೂ ಕೊಡ್ಲಿಲ್ಲ ನೀವು," ಎಂದಳು ನೇತ್ರಾ, ಕಿಟಕಿಯಾಚೆ ಮುಖ ಮಾಡಿ.

ಜೆಟ್ಟಿಯ ತುದಿಯಲ್ಲಿ ದೋಣಿ ಹಾಗೇ ನಿಂತಿತ್ತು. ಒಳಗೆ ಸನ್‌ಸ್ಕ್ರೀನ್ ಬಳಿದ ಮುಖಗಳೆಲ್ಲ ಒಟ್ಟಿಗೆ ತಿರುಗಿ ಗುರುಬಸವನನ್ನು ಕಣ್ಣಲ್ಲೇ ಸುಟ್ಟವು. ದೋಣಿಯವನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

ಗುರುಬಸವ ಅತ್ತ ಹೋದ ಮೇಲೆ, ಹತ್ತು ಗಂಟೆಗೇ, ಬುಕ್ ಮಾಡಿದ್ದ ಇಬ್ಬರು ಬರುವುದಿಲ್ಲವೆಂದರಂತೆ. ಆ ಸೀಟುಗಳನ್ನು ಎಷ್ಟೋ ಜನ ಕೇಳಿದರೂ ದೋಣಿಯವನು ಕೊಡಲಿಲ್ಲವಂತೆ. "ಒಮ್ಮೆ ಬರ್ತೀನಿ ಅಂದವರನ್ನ ನಾನು ನಂಬೋದಿಲ್ಲ," ಎಂದು ಅವನು ನೇತ್ರಾಗೆ ಕೈ ಕೊಟ್ಟು ಹತ್ತಿಸಿಕೊಂಡ. "ನಿನ್ನ ಗಂಡ ಮೂರು ಸಲ ಅಂದ. ಅಂಥವನು ಬಂದೇ ಬರ್ತಾನೆ."

ದೋಣಿ ಹೊರಟಿತು. ಗೆದ್ದ ಕೋಟೆಯಿಂದ ಮರಳುವ ದಂಡನಾಯಕನಂತೆ ಗುರುಬಸವ ಮುಂಭಾಗದಲ್ಲಿ ನಿಂತ. ವಾಂತಿ ಬಂದಂತಾಗಿ ಕೂತ. ಕೂತಲ್ಲೂ ದಂಡನಾಯಕನಾಗಿಯೇ ಇದ್ದ. ದೀಪಸ್ತಂಭದ ಬುಡದಲ್ಲಿ ನೇತ್ರಾ ಚಪ್ಪಲಿ ಬಿಟ್ಟು, ಒಂದು ಕಾಲನ್ನು ಕೆಂಪು ಮರಳಲ್ಲಿ, ಇನ್ನೊಂದನ್ನು ನೀಲಿ ನೀರಲ್ಲಿ ಇಟ್ಟು ಬಹಳ ಹೊತ್ತು ನಿಂತಳು.

"ಫ್ರಿಜ್ಜಿಂದು ಇನ್ನ ತೆಗೀಬಹುದ್ರಿ," ಎಂದಳು. ಆಮೇಲೆ, "ಮುಂದಿನ ವರ್ಷ ಎಲ್ಲಿ ಹೋಗೂಣು?"

ಆ ಶನಿವಾರ ದಿ ಪಾಂಡ್ಸ್‌ನ ಗೆಳೆಯ ಚಂದ್ರಶೇಖರನ ಮನೆಯಲ್ಲಿ ನೇತ್ರಾಳೇ ಕಥೆ ಹೇಳಿದಳು. ಅವಳ ಬಾಯಲ್ಲಿ ದೋಣಿ ಹಡಗಾಯಿತು, ಅರ್ಧ ಗಂಟೆ ಎರಡು ಗಂಟೆಯಾಯಿತು. ಇಡೀ ಪಡಸಾಲೆ ಗುರುಬಸವನನ್ನು ಹೊಸ ಕಣ್ಣಿಂದ ನೋಡಿತು. ಹೊತ್ತಾದ ಮೇಲೆ, ಅವನು ಚಪ್ಪಲಿ ಸ್ಟ್ಯಾಂಡಿನ ಬಳಿ ಎರಡನೇ ಬರ್ತೀನಿ ಮುಗಿಸಿ ನಿಂತಿದ್ದಾಗ, ಮೈಸೂರಿನ ಚಂದ್ರಶೇಖರ ಭಕ್ತಿಯಿಂದ ಕೇಳಿದ:

"ಅಲ್ಲ ಗುರು, ಸೀಟೇ ಇಲ್ಲ ಅಂದ್ಮೇಲೂ ಮೂರ್ ಸಲ ಬರ್ತೀನಿ ಅಂದ್ಯಲ್ಲ, ಎಲ್ಲಿಂದ ಬಂತಪ್ಪ ಅಷ್ಟು ಕಾನ್ಫಿಡೆನ್ಸು?"

"ಕಾನ್ಫಿಡೆನ್ಸ್ ಎಲ್ಲಿದೋ," ಎಂದ ಗುರುಬಸವ, ಇನ್ನೊಂದು ಚಪ್ಪಲಿ ಹುಡುಕುತ್ತ. "ನಾ ಹೋಗ್ತೀನಿ ಅಂತ ಹೇಳಿದ್ದೆ."